ಮುಕ್ತಕ್ಕನ ಸೀಟು

ವಿಜಯದಶಮಿಯ ಬೆಳಿಗ್ಗೆ ಫಳ್ನೀರಿನ ಗೋಪಾಲಕೃಷ್ಣ ಮಾಸ್ತರರ ಕಾರು ಕೆಮ್ಮಿತು.

ಅದು ಬರಿಯ ಕೆಮ್ಮಲ್ಲ. ಕುಂಟು ಎತ್ತು ಮೆಟ್ಟಲು ಇಳಿದ ಹಾಗೆ ಗುಡು, ಗುಡು ಎಂದು, ನಡುವೆ ಒಂದು ಗುಡುವನ್ನು ನುಂಗಿ, ಮೈಯೆಲ್ಲ ಅಲ್ಲಾಡಿಸಿತು. ಹಿಂದಿನ ದಿನ ಆಯುಧಪೂಜೆಗೆ ಕಟ್ಟಿದ್ದ ಸೇವಂತಿಗೆ ಮಾಲೆ ಕಳಚಿ ಮಾಸ್ತರರ ಕಾಲ ಮೇಲೆ ಬಿತ್ತು.

ಅವರ ಹೆಂಡತಿ ಮುಕ್ತಕ್ಕ ರೇಷ್ಮೆ ಸೀರೆ ಉಟ್ಟು, ಪಾಯಸದ ಪಾತ್ರೆ ಹಿಡಿದು ಜಗಲಿಯಲ್ಲಿ ನಿಂತಿದ್ದರು. ಇಂಗ್ಲಿಷ್ ಸಾಹೇಬರೊಬ್ಬರು ತಮ್ಮ ಸೀಮೆಗೆ ಹೋಗುವಾಗ ಬಿಟ್ಟುಹೋದ ಆ ಹಳೆಯ ಕಾರು ಮನೆಗೆ ಬಂದು ವರ್ಷವಾದರೂ ಅವರು ಅದರಲ್ಲಿ ಒಮ್ಮೆಯೂ ಕುಳಿತಿರಲಿಲ್ಲ. ಒಂದು ದಿನ ನೆರೆಮನೆಯ ಬಾಣಂತಿ, ಇನ್ನೊಂದು ದಿನ ಹೆಡ್ಮಾಸ್ತರರ ಸೊಂಟನೋವು, ಮತ್ತೊಂದು ದಿನ ಯಾರದೋ ಹಲಸಿನಹಣ್ಣು. ಅವರ ಸೀಟಿನಲ್ಲಿ ಯಾವಾಗಲೂ ಏನಾದರೊಂದು ಇದ್ದೇ ಇರುತ್ತಿತ್ತು. ಇವತ್ತು ಪಡೀಲಿನ ತವರಿಗೆ ಹಬ್ಬದೂಟಕ್ಕೆ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆಂದು ಮಾಸ್ತರರು ದೇವರೆದುರು ಮಾತು ಕೊಟ್ಟಿದ್ದರು.

"ಇವತ್ತೂ ನಡೆದೇ ಹೋಗುವುದಾ?" ಎಂದರು ಮುಕ್ತಕ್ಕ.

"ಇಲ್ಲ ಮಾರಾಯ್ತಿ, ಸ್ವಲ್ಪ ತಡಿ. ನೋಡ್ತೇನೆ."

ಅವರು ನೋಡುವ ಮೊದಲೇ ನೋಡುವವರು ಬಂದಾಗಿತ್ತು. ಪಕ್ಕದ ಮನೆಯ ಹರಿದಾಸ ಪಂಡಿತರು ಬಿಸಿಯಾದ ಬಾನೆಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. "ವಾತ. ಪಿತ್ತವೂ ಉಂಟು."

ಗಾಡಿ ಹೊಡೆಯುವ ದುಗ್ಗಪ್ಪ ಚಕ್ರಕ್ಕೊಂದು ಒದೆ ಕೊಟ್ಟ. "ಎಂತ ವಾತ ಪಂಡಿತರೇ? ಇದು ಸೋಂಬೇರಿತನ. ಬಾಲ ತಿರುಚಿದ್ರೆ ಓಡ್ತಿತ್ತು, ಬಾಲವೇ ಇಲ್ಲ!"

ಸೀಮೆಎಣ್ಣೆ ಅಂಗಡಿಯ ಮೂಸಬ್ಬ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. "ಮಾಷ್ಟ್ರೇ, ಪೆಟ್ರೋಲಿಗೆ ನೀರು ಸೇರಿರ್ಬೇಕು. ಸ್ವಲ್ಪ ನೀರು ಹೋದ್ರೂ ಸಾಕು, ಈ ಜಾತಿ ನಡುದಾರಿಯಲ್ಲಿ ನಿಲ್ತದೆ."

"ನಿಂತ್ರೆ ಎಂತ ಮಾಡುವುದು ಮೂಸಬ್ಬಣ್ಣ?" ಜಗಲಿಯಿಂದ ಮುಕ್ತಕ್ಕ ಕೇಳಿದರು.

"ಮಾಡುವುದು ಎಂತ ಅಕ್ಕ? ಗಂಡಸರೆಲ್ಲ ಇಳಿದು ತಳ್ಳುವುದು!"

ಮಾಸ್ತರರು ಸ್ಕ್ರೂ ಬಿಚ್ಚುವ ಮರದ ಹಿಡಿಯ ತಿರುಪುಳಿ ತಂದರು. ಇಂಜಿನ್ ಓಡುತ್ತಿದ್ದಂತೆಯೇ ಅದನ್ನು ಕಿಡಿ ಹಾರಿಸುವ ನಾಲ್ಕು ಪ್ಲಗ್ಗುಗಳಲ್ಲಿ ಮೊದಲನೆಯದಕ್ಕೂ ಇಂಜಿನ್ನಿನ ಮೈಗೂ ಒಟ್ಟಿಗೆ ತಾಗಿಸಿದರು. ಕಿಡಿ ತಪ್ಪಿತು, ಸದ್ದು ಇನ್ನಷ್ಟು ಕುಗ್ಗಿತು. ಅಂದರೆ ಈ ಪ್ಲಗ್ಗು ದುಡಿಯುತ್ತಿದೆ. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ತಾಗಿಸಿದಾಗ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಮಲಗಿದ್ದವನ ಕೈಯಿಂದ ಪಿಕ್ಕಾಸಿ ಕಿತ್ತುಕೊಂಡರೆ ಕೆಲಸವೇನು ನಿಲ್ಲುತ್ತದೆ?

"ಸಿಕ್ಕಿದ ಕಳ್ಳ!" ಎಂದು ಮಾಸ್ತರರು ಇಂಜಿನ್ ನಿಲ್ಲಿಸಿ ಅದನ್ನು ಬಿಚ್ಚಿದರು. ಕಿಡಿ ಹಾರಬೇಕಾದ ಸಂದಿನಲ್ಲಿ ಮೆತ್ತಗೆ ಗಂಧ ಕುಳಿತಿತ್ತು, ಅದರೊಳಗೆ ಒಂದು ಕಾಳು ಅಕ್ಷತೆ.

ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಇವೇ ಕಾರಿನ ಆಯುಧವೆಂದು ಪೂಜೆಗೆ ಇಟ್ಟವರು ಮಾಸ್ತರರೇ. ಗಂಧ ಹಚ್ಚಿದವರು ಮುಕ್ತಕ್ಕ.

"ಮೂರನೆಯದಕ್ಕೆ ಸ್ವಲ್ಪ ಭಕ್ತಿ ಜಾಸ್ತಿಯಾಯ್ತೋ ಏನೋ," ಎಂದರು ಅವರು, ನಾಚಿಕೊಂಡು.

ಮಾಸ್ತರರಿಗೆ ನಗು ಬಂತು. ಪ್ಲಗ್ಗು ಒರೆಸಿ ಹಾಕಿ, ಕಾರಿನ ಮೂತಿಯ ಹ್ಯಾಂಡಲ್ ತಿರುಗಿಸಿದರೆ, ಕಾರು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು.

"ನೋಡಿದಿರಾ, ವಾತ ಇಳಿಯಿತು!" ಎಂದು ಪಂಡಿತರು ಮುಂದಿನ ಸೀಟಿನಲ್ಲಿ ಕುಳಿತರು.

"ನನ್ನ ಒದೆ ತಾಗಿದ್ದು!" ದುಗ್ಗಪ್ಪ ಹಿಂದೆ ಹತ್ತಿದ.

"ನಾನು ಮುಚ್ಚಳ ತೆಗೆದು ಗಾಳಿ ಬಿಟ್ಟದ್ದಕ್ಕೆ," ಎನ್ನುತ್ತ ಮೂಸಬ್ಬ ದುಗ್ಗಪ್ಪನನ್ನು ಒತ್ತರಿಸಿದ. "ಪಡೀಲಿನವರೆಗೆ ಹೋಗಿ ನೋಡುವ ಮಾಷ್ಟ್ರೇ, ಪುನಃ ಕೆಮ್ಮಿದ್ರೆ ಜನ ಬೇಕಲ್ಲ?"

ಬೇಡವೆನ್ನಲು ಬಾರದ ಮಾಸ್ತರರು ಹೆಂಡತಿಯ ಮುಖ ನೋಡಿದರು. ಮುಕ್ತಕ್ಕ ಬೇಸರಿಸಲಿಲ್ಲ. "ನೀವು ಕೈ ತೊಳೆದು ಬನ್ನಿ. ನಾನು ದೇವರಿಗೊಂದು ಕೈ ಮುಗಿದು ಬರ್ತೇನೆ," ಎಂದು ಒಳಗೆ ಹೋದರು. ಮಾಸ್ತರರು ಬಾವಿಕಟ್ಟೆಯಿಂದ ಬರುವಷ್ಟರಲ್ಲಿ ಮುಕ್ತಕ್ಕ ಹಿಂದಿನ ಸೀಟಿನ ತುದಿಯಲ್ಲಿ ಅರ್ಧ ಮೈ ಹೊರಗೆ, ಅರ್ಧ ಮೈ ಒಳಗೆ ಎಂಬಂತೆ ಪಾಯಸದ ಪಾತ್ರೆಯೊಂದಿಗೆ ಕುಳಿತಿದ್ದರು.

ಕಂಕನಾಡಿಯವರೆಗೆ ರಾಜಸವಾರಿ. ನಾಗುರಿಯ ಹತ್ತಿರ ಕಾರು ಒಮ್ಮೆ ಸೀನಿತು, ಎರಡು ಸಲ ಬಿಕ್ಕಿತು, ನಿಂತೇ ಬಿಟ್ಟಿತು. ಎಷ್ಟು ಹ್ಯಾಂಡಲ್ ತಿರುಗಿಸಿದರೂ ಉಸಿರಿಲ್ಲ.

"ಇಳಿಯಿರಿ ಮಾರಾಯ್ರೇ, ತಳ್ಳುವ," ಎಂದರು ಮಾಸ್ತರರು.

ಪಂಡಿತರು ವಾತ ಪಿತ್ತ ಎಲ್ಲ ಮರೆತು ಇಳಿದರು. ದುಗ್ಗಪ್ಪ, ತಾನೇ ಎತ್ತಾಗಬೇಕಾಯಿತಲ್ಲ ಎಂದು ಗೊಣಗಿದ. ಮುಕ್ತಕ್ಕನೂ ಕಾಲು ಕೆಳಗಿಡುವವರಂತೆ ಮಾಡಿದರು.

"ನೀವು ಕೂತ್ಕೊಳ್ಳಿ ಅಕ್ಕ! ಹೆಂಗಸರು ತಳ್ಳುವುದುಂಟಾ?" ಎಂದ ಮೂಸಬ್ಬ.

ಮುಕ್ತಕ್ಕ ಸೀಟಿನ ನಡುವಿಗೆ ಸರಿದು, ಪಾತ್ರೆಯನ್ನು ಪಕ್ಕದಲ್ಲಿಟ್ಟು, ಒರಗಿ ಕುಳಿತರು.

ನಾಲ್ಕು ಮಾರು ತಳ್ಳಿದ ಮೇಲೆ, ಉಸಿರು ತೆಗೆದುಕೊಳ್ಳುವ ನೆಪದಲ್ಲಿ ಮಾಸ್ತರರು ಟ್ಯಾಂಕಿನ ಮುಚ್ಚಳ ತೆಗೆದರು. ಬಾಯಿಯ ಅಂಚಿಗೆ ಹಸಿರಾಗಿ ಏನೋ ಅಂಟಿತ್ತು. ಬೆರಳಲ್ಲಿ ತೆಗೆದು ನೋಡಿದರು. ತೀರ್ಥದ ತುಳಸಿ ಎಲೆ.

ಅವರು ಕಿಟಕಿಯತ್ತ ನೋಡಿದರು. ಮುಕ್ತಕ್ಕ ಬಹಳ ಗಮನವಿಟ್ಟು ಆಚೆಬದಿಯ ಗದ್ದೆ ನೋಡುತ್ತಿದ್ದರು.

"ಎಂತ ಮಾಷ್ಟ್ರೇ, ಕಾರಣ ಸಿಕ್ಕಿತಾ?" ಹಿಂದಿನಿಂದ ಮೂಸಬ್ಬ ಏದುಸಿರಿನಲ್ಲಿ ಕೇಳಿದ.

ಮಾಸ್ತರರು ಎಲೆಯನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡು, ಕಾರಿಗೆ ಭುಜ ಕೊಟ್ಟರು.

"ಇಲ್ಲ ಮಾರಾಯ. ತಳ್ಳು."