ನೋಡದೆ ‘ಸರಿ’ ಎನ್ನುವ ಪ್ರೋಗ್ರಾಮು

ಹೊಸ ಮನೆ ಕಟ್ಟುವವನನ್ನು ಊರೇ ನಿಂತು ನೋಡುತ್ತದೆ. ಹಳೆ ಮನೆಯ ಸೋರುವ ಮೂಲೆಗೆ ಸಿಮೆಂಟು ಮೆತ್ತುವವನನ್ನು ಮನೆಯವರೂ ತಿರುಗಿ ನೋಡುವುದಿಲ್ಲ. ನಾನು ಈ ಎರಡನೆಯ ಜಾತಿಯವನು. ಭಾಗ್ಯನಗರದ ಮನೆಯಲ್ಲಿ ಕೂತೇ ಕಂಪ್ಯೂಟರಿನ ಕರ್ನಲ್ ಕೆಲಸ ಮಾಡುತ್ತೇನೆ ಎಂದರೆ ಕೊಪ್ಪಳದ ಪೇಟೆಯಲ್ಲಿ ನಾಲ್ಕು ಜನ ಕುರ್ಚಿ ಬಿಟ್ಟುಕೊಡುತ್ತಾರೆ. ಕರ್ನಲ್ ಎಂದರೆ ಯಂತ್ರದ ಕಾರಭಾರವನ್ನೆಲ್ಲ ಒಳಗಿನಿಂದ ನಡೆಸುವ ತಿರುಳು. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಆ ತಿರುಳನ್ನು ಮುಟ್ಟುವವರು ಬೇರೆ. ನನ್ನ ಪಾಲಿಗೆ ಬಂದದ್ದು ಅದರ ಜೊತೆಗೆ ಬಿದ್ದಿರುವ ಹಳೆಯ ಮಾದರಿ ಪ್ರೋಗ್ರಾಮುಗಳು, ಪರೀಕ್ಷೆಯ ಪ್ರೋಗ್ರಾಮುಗಳು. ಹೊಸಬರು ನೋಡಿ ಕಲಿಯಲಿ ಎಂದು ಯಾವನೋ ಪುಣ್ಯಾತ್ಮ ಯಾವ ಕಾಲದಲ್ಲೋ ಬರೆದಿಟ್ಟ. ಆಮೇಲೆ ತಿರುಳು ಎಷ್ಟೋ ಸಲ ಬದಲಾಯಿತು, ಮಾದರಿ ಮಾತ್ರ ಹಾಗೇ ಉಳಿಯಿತು. ಅದು ಹೆಸರು ಹಿಡಿದು ಕರೆಯುವ ಭಾಗಗಳು ಈಗ ಆ ತಿರುಳಿನಲ್ಲೇ ಇಲ್ಲ. ಅವನ್ನು ಒಂದೊಂದಾಗಿ ಈ ಕಾಲಕ್ಕೆ ಹೊಂದಿಸುವುದೇ ನನ್ನ ನೌಕರಿ. ಇವನ್ನು ಯಾರು ಬಳಸುತ್ತಾರೆ ಎಂದು ತಾವರಗೇರಾದ ನಮ್ಮ ಮಾವನವರು ಒಮ್ಮೆ ಕೇಳಿದ್ದರು. ಯಾರೂ ಬಳಸುವುದಿಲ್ಲ, ತೋರಿಸಲಿಕ್ಕೆ ಇಡುವುದು ಎಂದೆ. ಅವರು ಬಹಳ ಹೊತ್ತು ಮಗಳ ಮುಖ ನೋಡಿದರು.

ಈ ತಿಂಗಳು ನನ್ನ ಕರಾರು ಮುಗಿಯುವುದಿತ್ತು. ಮುಂದುವರಿಸುವುದು, ಬಿಡುವುದು ತಂಡದ ಮುಖ್ಯಸ್ಥರಾದ ಕುಲಕರ್ಣಿಯವರ ಕೈಯಲ್ಲಿ. ಅವರಿಗೆ ಬೇಕಾದದ್ದು ಎಲ್ಲ ಪರೀಕ್ಷೆಗಳ ಮುಂದೆ ಹಸಿರು ಗುರುತು, ಅಷ್ಟೇ. ನನ್ನ ಗ್ರಹಚಾರ, ಅಂಥ ಹೊತ್ತಿನಲ್ಲೇ ಒಂದು ಹಳೆ ಪ್ರೋಗ್ರಾಮು ಬಿಚ್ಚಿದೆ. ಅದು ಯಂತ್ರದ ಒಂದು ಭಾಗವನ್ನು ತೆರೆದು, ಸರಿಯಿದೆಯೋ ಇಲ್ಲವೋ ನೋಡಿ ಹೇಳಬೇಕು. ಆದರೆ ಆ ಭಾಗದ ಹೆಸರು ಎಂದೋ ಬದಲಾಗಿಹೋಗಿತ್ತು. ಬಾಗಿಲೇ ಸಿಗದಿದ್ದರೆ ಈ ಮಹಾಶಯ ಏನು ಮಾಡುತ್ತಿದ್ದ ಅಂತೀರಿ? ‘ಸರಿ’ ಎಂದು ಕೂಗಿ ಕೂತುಬಿಡುತ್ತಿದ್ದ. ವರ್ಷಗಟ್ಟಲೆ ಒಳಗೆ ಹಣಿಕಿಯೂ ಹಾಕದೆ ಸರಿ, ಸರಿ, ಸರಿ. ನನಗೆ ಸಿಟ್ಟು ಬಂತು. ಹೆಸರು ತಿದ್ದಿ, ನಿಜವಾಗಿ ಒಳಹೊಕ್ಕು ನೋಡುವಂತೆ ಮಾಡಿದೆ. ನೋಡಿದ್ದೇ ತಡ, ಒಳಗೆ ತಪ್ಪಿದೆ ಎಂದು ಕೆಂಪು ಗುರುತು ಬಂತು.

ಹಿಂದೆಯೇ ಕುಲಕರ್ಣಿಯವರ ಫೋನು ಬಂತು. ನೀವು ಮುಟ್ಟುವ ತನಕ ಚೆನ್ನಾಗಿತ್ತಲ್ಲ ಎಂದರು. ನಾನು ಎಲ್ಲ ವಿವರಿಸಿದೆ. ಸಮಾಧಾನದಿಂದ ಕೇಳಿಸಿಕೊಂಡು, “ಮೊದಲ ಹೆಂಗಿತ್ತೋ ಹಂಗ ಇಟ್ಟುಬಿಡ್ರಿ. ಕರಾರಿನ ಮಾತು ಆಮ್ಯಾಲ ಆಡೂಣು” ಎಂದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒಂದೇ ಸಾಲು ಹಿಂದಕ್ಕೆ ತಿರುಗಿಸಿದರೆ ಹಸಿರೂ ಬರುತ್ತಿತ್ತು, ಕರಾರೂ ಉಳಿಯುತ್ತಿತ್ತು. ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಹುಡುಕುವ ತ್ರಾಣ ನನಗಿಲ್ಲ.

ಸಂಜೆ ಹೆಂಡತಿ ಸವಿತಾಳ ಮುಂದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದೆ. ಮರುದಿನ ಅವಳ ಅಪ್ಪ ಅವ್ವ ಬರುವವರಿದ್ದರು. ಎಲ್ಲರೂ ಹೇಮಗುಡ್ಡದ ಗುಡಿಗೆ ಹೋಗಿಬರುವ ಯೋಜನೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

“ಒಳಗ ಹೋಗಿ ನೋಡಲಾರದ ಸರಿ ಐತಿ ಅನ್ನಾವಗ ಏನನ್ನಬೇಕು, ನೀನ ಹೇಳು” ಎಂದೆ.

“ಮೈಗಳ್ಳ ಅನಬೇಕ್ರಿ” ಎಂದಳು.

ನನ್ನ ಪರವಾಗಿ ಮಾತಾಡುವವರು ಒಬ್ಬರಾದರೂ ಇದ್ದಾರಲ್ಲ ಎಂದು ಕಣ್ಣು ತುಂಬಿ ಬಂತು. ಭಾಷಣ ಮುಂದುವರಿಸಿದೆ. ನಡುವೆ ಅವಳು ಮೋಟರ್ ಹಚ್ಚಿದ್ದೇನೆ, ಮಾಳಿಗೆಯ ಮೇಲಿನ ನೀರಿನ ಟಾಕಿ ತುಂಬಿದೆಯೇ ನೋಡಿ ಬನ್ನಿ ಎಂದಳು. ಮಾತಿನ ಭರದಲ್ಲಿದ್ದ ನಾನು ಕೂತಲ್ಲಿಂದಲೇ ‘ತುಂಬೇತಿ’ ಎಂದೆ. ಅವಳು ಮೋಟರ್ ಬಂದ್ ಮಾಡಿದಳು. ಅದೇ ಹುರುಪಿನಲ್ಲಿ, ತಿದ್ದಿದ್ದನ್ನು ಹಿಂದಕ್ಕೆ ತಿರುಗಿಸುವುದಿಲ್ಲವೆಂದು ಕುಲಕರ್ಣಿಯವರಿಗೆ ಬರೆದು ಹಾಕಿ, ಸತ್ಯಕ್ಕಾಗಿ ನೌಕರಿ ಕಳೆದುಕೊಂಡವನ ಗತ್ತಿನಲ್ಲಿ ಮಲಗಿದೆ.

ಬೆಳಿಗ್ಗೆ ಕರೆಂಟ್ ಇರಲಿಲ್ಲ. ಅತ್ತೆ ಮಾವ ಬಸ್ಸಿಳಿದು ಬಂದರು. ಮಾವನವರು ಮುಖಕ್ಕೆ ಸಾಬೂನು ಹಚ್ಚಿಕೊಂಡು ನಳ ತಿರುಗಿಸಿದರೆ ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸವಿತಾ ನನ್ನ ಕಡೆ ಒಮ್ಮೆ ನೋಡಿ, ಖಾಲಿ ಬಕೆಟ್ಟು ತಂದು ನನ್ನ ಕೈಗೆ ಕೊಟ್ಟಳು. ಅಂಗಳದ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಸೇದಿ ಸೇದಿ ಸೊಂಟ ಹಿಡಿಯಿತು. ಹೇಮಗುಡ್ಡ ಅಲ್ಲಿಗೇ ಉಳಿಯಿತು. ಹಾಗೆ ಬಕೆಟ್ ಹಿಡಿದು ನಿಂತಾಗಲೇ ಕುಲಕರ್ಣಿಯವರ ಫೋನು. ದನಿ ಸಣ್ಣದಾಗಿತ್ತು. ಕೆಂಪು ಗುರುತು ಖರೆಯೇ ಅಂತೆ. ತಪ್ಪು ಇದ್ದದ್ದು ಅವರೇ ಮೊನ್ನೆ ಬರೆದ ಭಾಗದಲ್ಲಂತೆ. ಕರಾರು ಮುಂದುವರಿಸಿದ್ದೇನೆ, ಇನ್ನೊಂದಿಷ್ಟು ಹಳೆ ಪ್ರೋಗ್ರಾಮು ಕಳಿಸುತ್ತೇನೆ ಎಂದರು. ಖುಷಿಪಡಲು ರಟ್ಟೆಯಲ್ಲಿ ಶಕ್ತಿ ಇರಲಿಲ್ಲ.

ಸಂಜೆ ಕರೆಂಟ್ ಬಂತು, ಮೋಟರ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ಸವಿತಾ ಟಾಕಿಯ ಮಾತು ತೆಗೆದಳು. ನನ್ನ ಬಾಯಿ ರೂಢಿಯಂತೆ ಅರ್ಧ ತೆರೆದಿತ್ತು.

“ಬಾಯಿಲೆ ಹೇಳೂದು ಬ್ಯಾಡ್ರಿ” ಎಂದಳು. “ಮ್ಯಾಲ ಹತ್ತಿ, ನೀರಾಗ ಕೈ ಅದ್ದಿ, ಹಸೀ ಕೈ ತಂದು ತೋರಸ್ರಿ.”

ಎದ್ದೆ. ಸೊಂಟ ಮುರಿದು ಬೀಳುವಂತಿತ್ತು. ಮೆಟ್ಟಿಲ ಬುಡದಲ್ಲಿ ಬೆಳಗಿನ ಬಕೆಟ್ಟು ಇನ್ನೂ ಇತ್ತು, ಅರ್ಧ ನೀರೂ ಇತ್ತು. ನಾನು ಅದನ್ನು, ನನ್ನ ಒಣ ಕೈಯನ್ನು ನೋಡುತ್ತ ಒಂದು ಗಳಿಗೆ ನಿಂತೆ. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ ಮಾವನವರು ನನ್ನನ್ನು ನೋಡಿದರು, ಬಕೆಟ್ಟನ್ನು ನೋಡಿದರು. ಆಮೇಲೆ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.