ಏಜೆಂಟ್, ಕೈಪಿಡಿ ಮತ್ತು ನಾಮಕರಣದ ಕುರ್ಚಿಗಳು

ನಾನು ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬ ಭರವಸೆಯ ಮೇಲೆಯೇ ಇಷ್ಟು ವರ್ಷ ಹೊಟ್ಟೆ ಹೊರೆದವನು ನಾನು. ಕವಿಯೇನಲ್ಲ, ಇಂದಿರಾನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೈಪಿಡಿ ಬರೆಯುವವನು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ನಾನು ಬರೆಯುತ್ತೇನೆ. ಜನ ಅದನ್ನು ಓದದೆ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿ, ಆಮೇಲೆ ಫೋನ್ ಮಾಡಿ ಬಯ್ಯುತ್ತಾರೆ. ಒಮ್ಮೆ ಪರೀಕ್ಷೆಗೆಂದು ಒಂದು ಕೈಪಿಡಿಯ ನಡುವೆ ಹುರುಳಿಕಾಳಿನ ಬಸ್ಸಾರು ಮಾಡುವ ವಿಧಾನ ಸೇರಿಸಿದ್ದೆ. ಇವತ್ತಿಗೂ ಉಪ್ಪು ಕಡಿಮೆಯಾಯಿತೆಂದು ಒಬ್ಬನೂ ದೂರಿಲ್ಲ.

ಈಗ ಆ ಸುಖಕ್ಕೆ ಕಲ್ಲು ಬಿದ್ದಿದೆ. ಎಐ ಏಜೆಂಟ್ ಎಂಬ ಓದುಗ ಬಂದಿದ್ದಾನೆ. ಅವನು ಮನುಷ್ಯನಲ್ಲ, ಆದ್ದರಿಂದ ಓದುತ್ತಾನೆ. ಓದಿ, ಬರೆದಂತೆಯೇ ಮಾಡುತ್ತಾನೆ. ಮನುಷ್ಯರಿಗೆ ಬರೆಯುವಾಗ ‘ಅಗತ್ಯ ಬಿದ್ದಲ್ಲಿ’, ‘ಸೂಕ್ತವೆನಿಸಿದರೆ’ ಎಂದು ಜಾರಿಕೊಳ್ಳಬಹುದಿತ್ತು. ಹೇಗೂ ಅವರು ತಮ್ಮಿಷ್ಟದಂತೆ ಮಾಡುವವರು. "ಅಂತೂ ನಿಮ್ಮ ಮಾತು ಕೇಳೋರು ಒಬ್ರು ಸಿಕ್ಕಿದ್ರಲ್ಲ, ಪಾಪ" ಎಂದಳು ಹೆಂಡತಿ ಸುಧಾ. ಆ ಪಾಪ ಯಾರ ಪಾಲಿನದೆಂದು ನಾನು ಕೇಳಲಿಲ್ಲ.

ಈ ಏಜೆಂಟನ್ನು ನಮ್ಮ ಕಂಪನಿ ಶಿವಾಜಿನಗರದ ರಫೀಕ್ ಭಾಯಿಯ ಅಂಗಡಿಗೆ ಕೊಟ್ಟಿತು. ಭಾಯಿ ಶಾಮಿಯಾನ, ಕುರ್ಚಿ, ಹಂಡೆ ಬಾಡಿಗೆಗೆ ಕೊಡುವವರು. ಗಿರಾಕಿ ಮೆಸೇಜು ಕಳಿಸಿದರೆ ಏಜೆಂಟ್ ಸಾಮಾನು ಕಾದಿರಿಸಬೇಕು, ಬೇಡವೆಂದರೆ ಕಾದಿರಿಸಿದ್ದನ್ನು ಬಿಡಿಸಬೇಕು. ಎರಡಕ್ಕೂ ಒಂದೊಂದು ಟೂಲು, ಅಂದರೆ ಅವನು ಒತ್ತುವ ಗುಂಡಿ. ಯಾವ ಟೂಲನ್ನು ಯಾವಾಗ ಬಳಸಬೇಕೆಂದು ಬರೆಯುವ ಭಾಗ್ಯ ನನ್ನದು. ‘ಗಿರಾಕಿಗೆ ಬೇಡವಾದಾಗ ಬಿಡಿಸು’ ಎಂದು ಬರೆದೆ. ನಮ್ಮೂರಲ್ಲಿ ಬೇಡ ಎಂದು ಬಾಯಿಬಿಟ್ಟು ಹೇಳುವವರು ಯಾರಿದ್ದಾರೆ? "ನೋಡೋಣ", "ಮನೇಲಿ ಕೇಳಿ ಹೇಳ್ತೀನಿ" ಎಂದು ಕಣ್ಮರೆಯಾಗುತ್ತಾರೆ. ಏಜೆಂಟ್ ಅವರೆಲ್ಲರ ಕುರ್ಚಿಗಳನ್ನೂ ಭಕ್ತಿಯಿಂದ ಕಾದುಕೊಂಡು ಕೂತ. ಮದುವೆಯ ಸೀಸನ್ನಿನಲ್ಲಿ ಗೋದಾಮು ತುಂಬ ಕುರ್ಚಿ. "ಕ್ಯಾ ಸಾಬ್, ಇಷ್ಟೂ ಕುರ್ಚಿ ಮೇಲೆ ನಾನೊಬ್ನೇ ಕೂತ್ಕೊಂಡು ಬಿರಿಯಾನಿ ತಿನ್ಲಾ?" ಎಂದರು ಭಾಯಿ.

ಅವಮಾನವಾಯಿತು. ಹಠ ತೊಟ್ಟು ತಿದ್ದಿದೆ: ‘ಹಿಂದಿನ ದಿನ ಗಿರಾಕಿಯನ್ನು ಕೇಳು. ಸಂಜೆಯೊಳಗೆ ಹೌದು ಎಂಬ ಉತ್ತರ ಬಾರದಿದ್ದರೆ ಬಿಡಿಸಿ ಬೇರೆಯವರಿಗೆ ಕೊಡು. ನೀನಾಗಿ ಏನನ್ನೂ ಊಹಿಸಬೇಡ.’ "ಕ್ಲಿಯರ್ ಅಂದ್ರೆ ಇದು ನೋಡು ಗುರು" ಎಂದ ಪಕ್ಕದ ಸೀಟಿನವನು. ನಾನು ಕೆಲವು ದಿನ ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಅಷ್ಟರಲ್ಲಿ ನಮ್ಮ ಮಗಳ ನಾಮಕರಣ ಬಂತು, ರಾಮಮೂರ್ತಿ ನಗರದ ಮಾವನ ಮನೆಯ ತಾರಸಿಯ ಮೇಲೆ. ಸುಧಾಳ ತವರಿನವರು ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದರು; ಈಗ ಅದೇ ಹೊಲದಲ್ಲಿ ಬಾಡಿಗೆ ಬೆಳೆಯುತ್ತಾರೆ. ನೆಂಟರ ದಂಡು ದೊಡ್ಡದು, ಅವರ ನಾಲಿಗೆ ಇನ್ನೂ ದೊಡ್ಡದು. ಆ ಮನೆಯಲ್ಲಿ ಅಳಿಯನನ್ನು ನಂಬಿ ವಹಿಸಿದ ಮೊದಲ ಜವಾಬ್ದಾರಿ ಈ ಕುರ್ಚಿ ಮತ್ತು ಹಂಡೆ. ಎಡವಿದರೆ ಜನ್ಮವಿಡೀ ಕೇಳಬೇಕು ಎಂದು ನಿಜಕ್ಕೂ ಹೆದರಿದ್ದೆ. ರಫೀಕ್ ಭಾಯಿಯ ಅಂಗಡಿಗೇ ಮೆಸೇಜು ಮಾಡಿ ಕಾದಿರಿಸಿದೆ.

ಹಿಂದಿನ ದಿನ ಏಜೆಂಟ್ ಕೇಳಿದ: ‘ನಾಳೆಗೆ ಕುರ್ಚಿ ಮತ್ತು ಹಂಡೆ ಕಳಿಸಲೇ? ದಯವಿಟ್ಟು ಸಂಜೆಯೊಳಗೆ ಹೌದು ಎಂದು ತಿಳಿಸಿ.’ ಎಷ್ಟು ಸ್ಪಷ್ಟವಾಗಿ ಕೇಳುತ್ತಾನಲ್ಲ ಎಂದು ಖುಷಿಪಟ್ಟೆ. ಒಮ್ಮೆ ಹೇಳಿಯಾಗಿದೆ, ಗೊತ್ತಿರುವವರ ಅಂಗಡಿ, ಮತ್ತೆ ಹೇಳುವುದೇನು ಎಂದುಕೊಂಡು ಫೋನನ್ನು ಜೇಬಿಗಿಳಿಸಿ ಹೂವು ತರಲು ಹೋದೆ.

ಬೆಳಿಗ್ಗೆ ನೆಂಟರು ಬಂದರು, ಕುರ್ಚಿ ಬರಲಿಲ್ಲ. ಎಲ್ಲರೆದುರೇ ಸ್ಪೀಕರ್ ಹಾಕಿ ಭಾಯಿಗೆ ಫೋನ್ ಮಾಡಿ ಕೂಗಾಡಿದೆ.

"ಸಾಬ್, ಅದೆಲ್ಲಾ ಕಲ್ಯಾಣ ನಗರದ ಮದ್ವೆಗೆ ಹೋಯ್ತಲ್ಲ. ನೀವು ಹೌದು ಅಂದಿಲ್ವಂತೆ."

"ನಾನು ಯಾರು ಅಂತ ನಿಮಗೆ ಗೊತ್ತಿಲ್ವಾ ಭಾಯಿ?"

"ನಂಗೆ ಗೊತ್ತು ಸಾಬ್. ಊಹೆ ಮಾಡ್ಬೇಡ ಅಂತ ಅವನಿಗೆ ಬರ್ದಿದ್ದು ನೀವೇ ಅಲ್ವಾ?"

ಅಡುಗೆಯವರು ನೆರೆಮನೆಗಳ ಪಾತ್ರೆ ಬೇಡಿ ತಂದರು. ಸುಧಾಳ ಸೋದರಮಾವಂದಿರು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು, ಆದರೆ ನಿಂತಿದ್ದದ್ದು ಮೂರನೇ ಮಹಡಿಯಲ್ಲಿ. ಅತ್ತೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಮೊಮ್ಮಗಳ ಕಿವಿಯಲ್ಲಿ ಹೆಸರು ಉಸುರಿದರು. ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಸುಧಾಳನ್ನು ಕೇಳಿದರು:

"ನಿನ್ ಗಂಡಂಗೆ ಆಫೀಸಲ್ಲಿ ಬರಿಯೋ ಕೆಲ್ಸ ಅಂದಿದ್ದೆ. ಓದೋಕೆ ಬೇರೆಯವ್ರನ್ನ ಇಟ್ಕೊಂಡವ್ನಾ?"

ನಾನು ಉತ್ತರ ಕೊಡಲಿಲ್ಲ. ಅದಕ್ಕೇನು ಅರ್ಥವೆಂದು ಅತ್ತೆ ಯಾವ ಕೈಪಿಡಿಯ ಹಂಗೂ ಇಲ್ಲದೆ ತಿಳಿದುಕೊಂಡರು.