ದೊರೆಯ ಪ್ಲೇಟು ಮತ್ತು ನನ್ನ ಕರುಣರಸ

ಕಿವಿಗಳನ್ನು ಕರುಣಿಸಿದ ಪರಮೇಶ್ವರನಿಗೆ ಮೊದಲ ನಮಸ್ಕಾರ. ಆ ಕಿವಿಗಳಿಗೆ ರಸವಿವೇಕ ಕಲಿಸಿದ ಗುರುಗಳಿಗೆ ಎರಡನೆಯದು. ಅವರು ಕಲಿಸಿದ್ದು ಸರಿಯಾಗಿಯೇ ಇತ್ತು, ಮುಂದೆ ನಡೆದದ್ದರಲ್ಲಿ ಅವರ ಪಾಲೇನೂ ಇಲ್ಲ. ಕಾವ್ಯಶಾಸ್ತ್ರ ಓದಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ: ಅರ್ಥವಾಗದ್ದಕ್ಕೂ ವ್ಯಾಖ್ಯಾನ ಹೇಳದೆ ಇರಲಾರ. ನಾನು ಇಂಗ್ಲಿಷ್ ಹಾಡೊಂದಕ್ಕೆ ಹೇಳಿದೆ.

ಮಗ್ಗೆ ಊರಿನಿಂದಾಚೆ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಶಿವನಂಜಪ್ಪ ನನ್ನ ಬಹುಕಾಲದ ಸ್ನೇಹಿತ. ಅವನಲ್ಲಿ ಒಂದು ರೆಕಾರ್ಡ್ ಪ್ಲೇಯರೂ ಗೇಣಗಲದ ಒಂದೇ ಒಂದು ಪ್ಲೇಟೂ ಇದ್ದವು. ಎಸ್ಟೇಟಿನ ಬಿಳಿಯ ದೊರೆ ಸ್ವದೇಶಕ್ಕೆ ಮರಳುವಾಗ ಕೊಟ್ಟುಹೋದದ್ದು. ರಾಕ್ ಅಂಡ್ ರೋಲ್ ಎಂಬ ಬಗೆ ಆಗತಾನೆ ಹುಟ್ಟಿದಾಗ ಬಂದ ಹಾಡಂತೆ. ಅದಕ್ಕಾಗಿ ಅಲ್ಲಿನ ಹುಡುಗರು ಅಂಗಡಿಗಳ ಮುಂದೆ ಸಾಲುಗಟ್ಟಿದರಂತೆ, ಹಿರಿಯರು ರೇಡಿಯೋದಲ್ಲಿ ಹಾಕಬೇಡಿರೆಂದರಂತೆ, ಸಿನಿಮಾ ಮಂದಿರಗಳಲ್ಲಿ ಕುರ್ಚಿಗಳೇ ಮುರಿದವಂತೆ. ಶಿವನಂಜಪ್ಪ ಪ್ಲೇಟು ಹಾಕಿದರೆ ಮಾತ್ರ ಬಾವಿಯ ತಳದಲ್ಲಿ ಯಾರೋ ನರಳಿದಂಥ ದನಿ ಎಳೆದೆಳೆದು ಬರುತ್ತಿತ್ತು.

"ಇದು ಶುದ್ಧ ಕರುಣರಸವಯ್ಯಾ. ದುಃಖ ತಡೆಯಲಾರದೆ ಕುರ್ಚಿ ಮುರಿದಿದ್ದಾರೆ," ಎಂದು ನಾನು ಸಾಧಿಸುತ್ತಿದ್ದೆ.

"ಹಂಗಾ ಅಯ್ನೋರೆ? ಹಂಗಾದ್ರೆ ಅಳೋ ಹಾಡೇ ಬುಡಿ," ಎಂದು ಅವನು ಮುಖವನ್ನು ಕಿಟಕಿಯತ್ತ ತಿರುಗಿಸುತ್ತಿದ್ದ. ಒಪ್ಪಿದನೆಂದೇ ನಾನು ತಿಳಿದೆ.

ತೊಂಬತ್ತರ ದಶಕದ ಕೊನೆಗೆ ಅವನು ತೀರಿಕೊಂಡ. ಶಿವಗಣಾರಾಧನೆಯ ದಿನ, ಅವನಿಗೆ ಪ್ರಿಯವಾದದ್ದನ್ನೆಲ್ಲ ಫೋಟೋದ ಮುಂದೆ ಇಡುವಾಗ, ಅವನ ಹೆಂಡತಿ ಗಿರಿಜಮ್ಮ ಪ್ಲೇಯರನ್ನೂ ತಂದಿಟ್ಟರು. "ಒಂದ್ಸಲ ಹಾಕ್ಸಿ ಅಯ್ನೋರೆ, ಅವ್ರು ಕೇಳ್ಕಂಡು ಹೋಗ್ಲಿ. ನಾನು ಬ್ಯಾರೆ ಏನೂ ಕೇಳಾಕಿಲ್ಲ."

"ಸಾವಿನ್ ಮನೇಲಿ ಇಂಗ್ಲಿಷ್ ಹಾಡಾ? ನೋಡ್ದೋರು ಉಗೀತಾರೆ ಕಣಮ್ಮ," ಎಂದು ಅವರ ಭಾವ ಗದರಿದರು. ಕ್ರಿಯೆ ನಡೆಸಲು ಬಂದ ಅಯ್ಯನವರು ನಾನಾದ್ದರಿಂದ ತೀರ್ಪು ನನ್ನ ಮೇಲೆ ಬಿತ್ತು. ಕರುಣರಸಕ್ಕೆ ಇದಕ್ಕಿಂತ ಪ್ರಶಸ್ತ ಸ್ಥಳವಿಲ್ಲವೆಂದು ನಾನು ಅಪ್ಪಣೆ ಕೊಟ್ಟೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಆಯುಧಪೂಜೆಯಲ್ಲಿ ಹೊಲಿಗೆಯಂತ್ರವನ್ನೂ ಬಿಡದ ಕೈ ಇದು. ಪ್ಲೇಟು ತಿರುಗತೊಡಗಿದೊಡನೆ ಯಂತ್ರದ ಅಂಚಿಗೆ ಭಕ್ತಿಯಿಂದ ಒತ್ತಿ ಮೂರು ಬೆರಳಿನ ವಿಭೂತಿ ಎಳೆದೆ. ಅಲ್ಲೊಂದು ಪುಟ್ಟ ಸ್ವಿಚ್ಚಿತ್ತು. ಅದು ಬೆರಳಿನ ಜೊತೆಗೇ ಸರಿಯಿತು.

ಸತ್ತಂತಿದ್ದ ಹಾಡು ಎದ್ದು ಕುಣಿಯಿತು. ಡೋಲು, ಚಪ್ಪಾಳೆ, ನಡುನಡುವೆ ಕೇಕೆ.

"ಅಯ್ನೋರ ಇಬೂತಿಗೆ ದೊರೆ ದೆವ್ವ ಎದ್ಬುಡ್ತು ಕಣ್ರೀ!" ಎಂದರು ಭಾವ. ನಾನು ನಿಲ್ಲಿಸಲು ಕೈ ಚಾಚಿದೆ.

"ಬುಡಿ ಅಯ್ನೋರೆ," ಎಂದು ಗಿರಿಜಮ್ಮ ತಡೆದರು. "ನಾನು ಮದ್ವೆಯಾಗಿ ಬಂದಾಗ ಹಿಂಗೇ ಕುಣೀತಿತ್ತು. ಮಗಳೂ ಕುಣೀತಿದ್ಲು. ನೀವು ನಮ್ಮನೇಗೆ ಬರಾಕೆ ಮುಂಚೇನೇ ಕೂಸು ಜ್ವರದಲ್ಲಿ ಹೋಯ್ತು, ಆಮೇಲೆ ಅವ್ರೇ ಸ್ವಿಚ್ಚು ಸರ್ಸಿ ನಿಧಾನ ಮಾಡಿ ಇಟ್ರು. ಕುಣಿಯೋ ಹಾಡು ಕೇಳಾಕಾಗಲ್ಲ, ಬುಟ್ಟೂ ಇರಾಕಾಗಲ್ಲ ಅಂತ. ಈಗ ಇಬ್ರೂ ಒಂದೇ ಕಡೆ ಅವ್ರೆ. ಕುಣೀಲಿ."

ಹಾಡು ಕೊನೆಯವರೆಗೂ ಕುಣಿಯಿತು. ಗಿರಿಜಮ್ಮನ ಕಣ್ಣಿನಿಂದ ನೀರಿಳಿಯುತ್ತಿತ್ತು. ನಾನು ತಲೆ ತಗ್ಗಿಸಿದೆ. ಹಾಗೆ ತಗ್ಗಿಸಿದ್ದರಿಂದಲೇ ಪಂಚೆಯಂಚಿನಲ್ಲಿ ನನ್ನ ಹೆಬ್ಬೆರಳು ತಾಳ ಹಾಕುತ್ತಿರುವುದು ಕಂಡಿತು. ಶಲ್ಯ ಇಳಿಬಿಟ್ಟು ಮುಚ್ಚಿದೆ.

ಅದನ್ನು ಹಾಡಿದ ಪುಣ್ಯಾತ್ಮನಿಗೂ, ಡೋಲು ಬಡಿದವನಿಗೂ, ಕುರ್ಚಿ ಮುರಿದ ಹುಡುಗರಿಗೂ, ದೊರೆಗೂ, ಗದರಿದ ಭಾವನಿಗೂ ಸನ್ಮಂಗಳವಾಗಲಿ. ಗಿರಿಜಮ್ಮನ ಮನಸ್ಸು ತಂಪಾಗಿರಲಿ. ಶಿವನಂಜಪ್ಪನೂ ಅವನ ಕೂಸೂ ಶಿವಸನ್ನಿಧಿಯಲ್ಲಿ ಸರಿಯಾದ ವೇಗದಲ್ಲೇ ಕುಣಿಯಲಿ. ಅಲ್ಲಿಗೆ ನಾನು ಹೋದಾಗ, ಅದು ಯಾವ ರಸವೆಂದು ಮಾತ್ರ ಯಾರೂ ನನ್ನನ್ನು ಕೇಳದಿರಲಿ.